ದೊರೆಸಾನಿಯ ಉತ್ತರ

ಆ ಹಳೆಯ ಬಂಗಲೆ ನೋಡಲು ಬಂದವರಿಗೆ ಅವನು ಕ್ಯಾಪ್ಟನ್, ಅವಳು ದೊರೆಸಾನಿ. ಇಬ್ಬರೂ ಅಲ್ಲಿನ ಗೈಡುಗಳು. ನೂರೈವತ್ತು ವರ್ಷಗಳ ಹಿಂದೆ ಆ ಮನೆಮಗಳು ಹಡಗಿನ ಕ್ಯಾಪ್ಟನ್ ಒಬ್ಬನನ್ನು ಒಲ್ಲೆನೆಂದದ್ದನ್ನು, ಕೋಣೆಗಳನ್ನೆಲ್ಲ ತೋರಿಸಿದ ಮೇಲೆ, ಮರದ ಮೆಟ್ಟಿಲ ಮೇಲೆ ನಿಂತು ಆಡಿ ತೋರಿಸುತ್ತಿದ್ದರು.

ಅವನು ಹುಬ್ಬೆತ್ತಿ, ಕಣ್ಣಂಚಿನಲ್ಲಿ ನಗುತ್ತ, "ನನ್ನ ಕೈ ಹಿಡೀತೀರಾ?" ಎನ್ನುವನು.

"ಉಪ್ಪುನೀರು ಕುಡಿದೋರ ಸಹವಾಸ ನಮಗೆ ಬೇಡಪ್ಪ," ಎನ್ನುವಳು ಅವಳು.

ಜನ ಚಪ್ಪಾಳೆ ತಟ್ಟುವರು. ಆರು ವರ್ಷ, ದಿನಕ್ಕೆ ನಾಲ್ಕು ಸಲ. ಬರಬರುತ್ತಾ ಆ "ಬೇಡ" ಅನ್ನುವುದೇ ಅವಳಿಗೆ ಕಷ್ಟವಾಗತೊಡಗಿತ್ತು. ಅವಳ ಹಿಮ್ಮಡಿ ನೋಯುವುದು ಅವನೊಬ್ಬನಿಗೇ ಗೊತ್ತು. ಪರದೆಯ ಹಿಂದೆ ಅವಳಿಗೆಂದು ದಿನವೂ ಸ್ಟೂಲ್ ಇಟ್ಟಿರುತ್ತಿದ್ದ. ಮನಸ್ಸು ಗೂಡು ಕಟ್ಟುವುದಕ್ಕೆ ಇನ್ನೇನು ಬೇಕು?

ಬೇರೆ ಊರಿನ ಬಂಗಲೆಗೆ ಅವಳನ್ನು ಮೇಲ್ವಿಚಾರಕಿಯಾಗಿ ಕರೆದಿದ್ದರು. ಒಪ್ಪಿಗೆ ಪತ್ರಕ್ಕೆ ಆ ಸಂಜೆಯೊಳಗೆ ಸಹಿ ಹಾಕಬೇಕಿತ್ತು. ಅವನು ಒಂದು ಮಾತಂದರೆ ಉಳಿದುಬಿಡುವವಳು ಅವಳು.

ಆ ದಿನದ ಕೊನೆಯ ಗುಂಪು ಬಂತು.

"ನನ್ನ ಕೈ ಹಿಡೀತೀರಾ?"

"ಹಿಡೀತೀನಿ."

ಅವನು ಅರೆಕ್ಷಣ ಅವಳನ್ನೇ ನೋಡಿದ. ಆಮೇಲೆ ಜನರತ್ತ ತಿರುಗಿ, "ನೋಡಿದ್ರಾ? ನೂರೈವತ್ತು ವರ್ಷ ಯೋಚನೆ ಮಾಡಿ ಈಗ ಹೂಂ ಅಂತಾರೆ. ನನ್ನ ಹಡಗು ಹೊರಟೋಯ್ತಲ್ಲ ಮೇಡಂ," ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬ ಅಜ್ಜಿ ಮಾತ್ರ ನಗಲಿಲ್ಲ; ಹೊರಡುವಾಗ ಅವಳ ಕೆನ್ನೆ ಸವರಿ ಹೋದರು.

ಹಾಲ್ ಖಾಲಿಯಾದ ಮೇಲೆ ಅವಳು ಕೇಳಿದಳು, "ನಿಮಗೆ ಅರ್ಥ ಆಗ್ಲಿಲ್ವಾ?"

"ಆಯ್ತು." ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತಿದ್ದ. "ಅದಕ್ಕೇ ನಗಿಸಿದೆ. ಅಷ್ಟು ಜನರ ಮುಂದೆ ಇಲ್ಲ ಅಂದಿದ್ರೆ ನಿಮಗೆ ಹೇಗಾಗ್ತಿತ್ತು?"

"ಮತ್ತೆ ಆ ಸ್ಟೂಲು?"

"ಕಾಲು ನೋಯ್ತಿತ್ತಲ್ಲ ನಿಮಗೆ."

"ನನ್ನ ಜಾಗದಲ್ಲಿ ಬೇರೆ ಯಾರಾದ್ರೂ ಇದ್ದಿದ್ರೆ?"

ಅವನು ಟೋಪಿ ಪಕ್ಕಕ್ಕಿಟ್ಟು, "ಅವರಿಗೂ ಇಡ್ತಿದ್ದೆ," ಎಂದ.

ಒಂದು ಸುಳ್ಳನ್ನಾದರೂ ಹೇಳಿದ್ದರೆ ಅವನ ಮೇಲೆ ಸಿಟ್ಟು ಮಾಡಿಕೊಳ್ಳಬಹುದಿತ್ತು. ಅವಳು ಬ್ಯಾಗಿನಿಂದ ಪತ್ರ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಹರಡಿದಳು.

"ಪೆನ್ ಇದ್ಯಾ?"

ಅವನು ಜೇಬಿನಿಂದ ಪೆನ್ ತೆಗೆದು, ಮುಚ್ಚಳ ಬಿಚ್ಚಿ ಕೊಟ್ಟ. ಗಾಳಿಗೆ ಹಾಳೆ ಹಾರದ ಹಾಗೆ, ಅವಳು ಸಹಿ ಹಾಕಿ ಮುಗಿಸುವವರೆಗೂ ಅದರ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡಿದ್ದ.