ಕೆಂಪು ದೀಪ ಹೊತ್ತಿದ ಕೊನೆಯ ಅಧ್ಯಾಯ

"ಕಿರುಚಿ!"

ಬಾಗಿಲು ತೆರೆದು ಒಳಗೆ ಬಿಟ್ಟು ಎರಡು ನಿಮಿಷವಾಗಿಲ್ಲ, ಈ ಮನುಷ್ಯ ಇದೇನು ಹೇಳುತ್ತಿದ್ದಾನೆ! ಪುಟ್ಟಿ ಬೆಚ್ಚಿಬಿದ್ದಳು.

"ಏನಂದ್ರಿ?"

"ಕಥೇಲಿ ನಾಯಕಿ ಅತಿ ಜೋರಾಗಿ ಕಿರುಚೋ ಸಾಲು ಓದಿ. ಅದಕ್ಕೆ ತಕ್ಕಂತೆ ಮೈಕಿನ ಲೆವೆಲ್ ಇಡ್ತೀನಿ. ಮೆಲ್ಲಗಿನ ಮಾತಿಗೆ ಇಟ್ರೆ, ಜೋರು ಬಂದಾಗ ಕೆಂಪು ದೀಪ ಹೊತ್ತಿ ಸ್ವರ ಒಡೆದುಹೋಗುತ್ತೆ."

ಕಥೆಗಳನ್ನು ಓದಿಸಿ ಆಡಿಯೋ ಪುಸ್ತಕ ಮಾಡುವ ಕಂಪನಿ ಕಳಿಸಿದ್ದ ಸೌಂಡಿನವನು ಅವನು. ಅವಳು ಮನೆಯ ಕೋಣೆಯಲ್ಲೇ ಕೂತು ಓದಿ ಕಳಿಸಿದ್ದ ಮೂರು ಅಧ್ಯಾಯಗಳೂ ಕರಕರ ಎನ್ನುತ್ತವೆಂದು ವಾಪಸು ಬಂದಿದ್ದವು. ಅವಳು ಓದುತ್ತಿದ್ದ ಮೊದಲ ಪುಸ್ತಕವದು. ಇನ್ನೊಂದು ಅಧ್ಯಾಯ ಹೀಗಾದರೆ ಇಡೀ ಪುಸ್ತಕ ಬೇರೆಯವರ ಪಾಲು!

ಪುಟ್ಟಿ ಕಣ್ಣು ಮುಚ್ಚಿ ಕಿರುಚಿಯೇಬಿಟ್ಟಳು. "ಅಯ್ಯೋ, ಬಿಡೋ ಪಾಪಿ ನನ್ನನ್ನ!"

ಅಡುಗೆಮನೆಯಿಂದ ಅಜ್ಜಿ ಸೌಟು ಹಿಡಿದು ಓಡಿಬಂದರು.

"ಯಾವನೋ ಅದು?"

ಅವನು ಮೇಜಿನ ಹಿಂದೆ ಅವಿತ. ಪುಟ್ಟಿಗೆ ನಗು ತಡೆಯಲಾಗಲಿಲ್ಲ. ಅವನಿಗೂ ಅಷ್ಟೇ.

ಆಮೇಲೆ ಒಂದು ತಿಂಗಳು ಲೆವೆಲ್ ನೋಡುವ ನೆಪದಲ್ಲಿ ವಾರವಾರವೂ ಬಂದ. ಅಜ್ಜಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗದಿದ್ದದ್ದು ಇವರಿಬ್ಬರಿಗೇ!

ಕೊನೆಯ ಅಧ್ಯಾಯದ ದಿನ ಬೆಳಿಗ್ಗೆ ಹೊಸ ರೆಕಾರ್ಡರ್ ತಂದಿಟ್ಟು, ಲೆವೆಲ್ ಕೂರಿಸಿ ಹೋದ. ಹೆಡ್‌ಫೋನಿನಲ್ಲಿ ಕೇಳಿದರೆ ಅವಳ ದನಿ ತೀರಾ ಸಣ್ಣಗೆ! ಅವನ ಅತ್ತೆ ಮಗಳೂ ಇದೇ ಕಂಪನಿಗೆ ಓದುತ್ತಾಳೆಂದು ಯಾರೋ ಹೇಳಿದ್ದು ನೆನಪಾಯಿತು. ಬೇಕಂತಲೇ ಕಡಿಮೆ ಮಾಡಿದನಾ? ಪುಸ್ತಕ ಅವಳಿಗೆ ಕೊಡಿಸಲು? ಛೇ...

ಹಟದಿಂದ ಗುಂಡಿ ತಿರುಗಿಸಿ ಏರಿಸಿದಳು. ಕೆಂಪು ದೀಪ ಹೊತ್ತಿದ್ದನ್ನೂ ನೋಡದೆ ಓದಿ ಮುಗಿಸಿದಳು. ಮಷೀನ್ ನಿಲ್ಲಿಸುವುದನ್ನೂ ಮರೆತು, ಅಲ್ಲೇ ಕೂತಿದ್ದ ಅಜ್ಜಿಯ ಮಡಿಲಿಗೆ ಬಿದ್ದು ಅತ್ತಳು. ಮಧ್ಯಾಹ್ನ ಕಂಪನಿಯವರು ಬಂದು ರೆಕಾರ್ಡರ್ ತೆಗೆದುಕೊಂಡು ಹೋದರು.

ಸಂಜೆ ಅವನು ಬಾಗಿಲಲ್ಲಿ ನಿಂತಿದ್ದ.

"ಗುಂಡಿ ಮುಟ್ಟಿದವರ್ಯಾರು?"

"ನಾನೇ! ನಿಮ್ಮ ಅತ್ತೆ ಮಗಳಿಗೆ ದಾರಿ ಮಾಡಿಕೊಡ್ತಿದ್ರಲ್ಲ!"

ಅವನು ಹಣೆ ಚಚ್ಚಿಕೊಂಡ.

"ಅವಳಿಗೆ ಎರಡು ಮಕ್ಕಳು ರೀ! ಓದೋದು ಶಾಲೆ ಪಾಠ. ಸಣ್ಣಗಿರೋ ದನೀನ ಆಮೇಲೆ ಎತ್ತಬಹುದು, ಒಡೆದದ್ದನ್ನ ಬ್ರಹ್ಮ ಬಂದ್ರೂ ಸರಿ ಮಾಡಕ್ಕಾಗಲ್ಲ. ಅದಕ್ಕೇ ಕಡಿಮೆ ಇಟ್ಟಿದ್ದೆ!"

ಪುಟ್ಟಿಯ ಮುಖ ಬಿಳಿಚಿಕೊಂಡಿತು. "ಹಾಗಾದ್ರೆ... ಪುಸ್ತಕ ಹೋಯ್ತಾ?"

"ಇಲ್ಲ. ನಿಮ್ಮ ಹಟ ನನಗೆ ಗೊತ್ತಿಲ್ವಾ? ಅದಕ್ಕೇ ಆ ಮಷೀನು ತಂದಿದ್ದೆ, ಅದೇ ಹೊತ್ತಿಗೆ ಇನ್ನೊಂದು ಪ್ರತೀನ ತಗ್ಗಿದ ಲೆವೆಲ್‌ನಲ್ಲಿ ತಾನೇ ರೆಕಾರ್ಡ್ ಮಾಡ್ಕೊಳ್ಳುತ್ತೆ. ಅದು ಚೆನ್ನಾಗಿದೆ. ಕಂಪನಿಯವರು ಒಪ್ಪಿದ್ರು."

ಹೋದ ಜೀವ ಬಂದಂತಾಯಿತು. ಆದರೆ ಅವನು ಇನ್ನೂ ನಿಂತೇ ಇದ್ದ. ಕಿವಿ ಕೆಂಪಾಗಿತ್ತು.

"ಮಷೀನ್ ನಿಲ್ಲಿಸೋದು ಮರೆತಿದ್ರಿ..."

ಅಯ್ಯೋ ದೇವರೇ! 'ಆ ಮೋಸಗಾರನನ್ನೇ ಪ್ರೀತಿಸಿಬಿಟ್ಟೆನಲ್ಲ ಅಜ್ಜಿ' ಅಂದದ್ದು... ಅದೂ ರೆಕಾರ್ಡ್ ಆಗಿತ್ತಾ?! ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ.

"ಎಲ್ಲರೂ... ಕೇಳಿದ್ರಾ?"

"ನಾನೊಬ್ಬನೇ. ಕಂಪನೀಲಿ ಮೊದಲು ಕೇಳೋನು ನಾನೇ, ಅಲ್ಲೇ ಕತ್ತರಿಸಿ ಅಳಿಸಿಬಿಟ್ಟೆ."

"ಪೂರ್ತಿ ಅಳಿಸಿದ್ರಾ?" ಯಾಕೋ ಸಂಕಟವಾಯಿತು.

"ಹೂಂ. ಅದು ಅಜ್ಜಿಗೆ ಹೇಳಿದ ಮಾತು, ನಾನು ಕೇಳಬಾರದಿತ್ತು. ನನಗೆ ಅಂತಲೇ ಹೇಳಿದ್ರೆ... ಕೇಳ್ತೀನಿ."

"ಮೋಸಗಾರ ಅನ್ನೋದು ಬಿಟ್ಟು ಹೇಳ್ಲಾ?"

"ಅದೊಂದು ಬಿಟ್ಟು."

"ನೀವಂದ್ರೆ ನನಗೆ ಪ್ರಾಣ!"

ಅವನ ಕಣ್ಣು ತುಂಬಿ ಬಂತು. ಅವಳ ಕೈ ಹಿಡಿದುಕೊಂಡ. "ನನಗೂ ಕಣ್ರೀ. ನಾಳೆ ಅಪ್ಪ ಅಮ್ಮನ್ನ ಕರ್ಕೊಂಡು ಬರ್ಲಾ?"

"ನಾಳೆ ಯಾಕೆ? ಇವತ್ತೇ ಬರ್ಲಿ!" ಒಳಗಿನಿಂದ ಅಜ್ಜಿ ಕೂಗಿದರು.

"ಕೇಳಿಸ್ತಲ್ಲ?" ಪುಟ್ಟಿ ಕಣ್ಣೊರೆಸಿಕೊಂಡು ನಕ್ಕಳು.

"ಹೊರಟೆ," ಅಂದ. ಕೈ ಮಾತ್ರ ಬಿಡಲಿಲ್ಲ.