ಮಂಗಲಾ ಟಾಕೀಸಿನ ಕಂಬಳಿ ಕಲ್ಲು

2024ರ ನವೆಂಬರ್ 19, ಮಂಗಳವಾರ, ಬೆಳಿಗ್ಗೆ 10.20. ಕಾಲೇಜು ಉಪನ್ಯಾಸಕಿ ದೀಪ್ತಿ ತೆಲಂಗಾಣದ ತಾಂಡೂರು ಪೊಲೀಸ್ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಮುಚ್ಚಿಹೋದ ಮಂಗಲಾ ಟಾಕೀಸಿನ ಇತಿಹಾಸವನ್ನು ಅವರು ಬರೆಯುತ್ತಿದ್ದರು. ಅಲ್ಲಿನ ಟಿಕೆಟ್ ಕಿಂಡಿಯ ಪಕ್ಕದ ಗೋಡೆಯಲ್ಲಿದ್ದ ಕೆತ್ತನೆಯ ಕಲ್ಲು ಕಾಣೆಯಾಗಿತ್ತು. ಬರುವ ಭಾನುವಾರ ಅದನ್ನು ಕಾಲೇಜಿನ ಪ್ರದರ್ಶನದಲ್ಲಿ ಇಡುವುದಿತ್ತು. ಹದಿನಾರನೇ ತಾರೀಕು ತೆಗೆದ ಫೋಟೊದಲ್ಲಿ ಕಲ್ಲು ಇದೆ. 1971 ಎಂಬ ಇಸವಿಯ ಕೆಳಗೆ ತೆಲುಗಿನಲ್ಲಿ ಒಂದೇ ಸಾಲು: ಕಂಬಳಿ ಹೊದ್ದವರಿಗೆ ಒಳಗೆ ಪ್ರವೇಶವಿಲ್ಲ.

"ಯಾರ ಮ್ಯಾಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಜೈಪಾಲ ಕೇಳಿದರು.

"ಟಾಕೀಸಿನ ಮಾಲಕರ ಮ್ಯಾಲ ಇತ್ತ್ರಿ. ಆದ್ರ ಪ್ರದರ್ಶನಕ್ಕ ಕಲ್ಲು ಒಯ್ಯಾಕ ನನಗ ಪತ್ರ ಬರ್ದು ಕೊಟ್ಟವ್ರೇ ಅವ್ರು."

ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಸ್ಥಳ ಪಂಚನಾಮೆ. ಗೋಡೆಯಲ್ಲಿ ತೂತಿರಲಿಲ್ಲ. ಹಳೆಯ ಕಲ್ಲಿದ್ದ ಜಾಗದಲ್ಲಿ ಅದೇ ಅಳತೆಯ ಹೊಸ ಪರಸಿ ಕಲ್ಲು, ನೆಲಕ್ಕೆ ಹಾಸುವಂಥದ್ದು, ಕೂತಿತ್ತು. ಸಂದಿಯ ಗಾರೆ ಪೂರ್ತಿ ಒಣಗಿರಲಿಲ್ಲ.

"ಕದ್ದವ ಗ್ವಾಡಿ ರಿಪೇರಿ ಮಾಡಿ ಹೋಗ್ಯಾನ," ಎಂದರು ಜೈಪಾಲ.

"ನಮ್ಮ ಕ್ವಾರ್ಟರ್ಸಿನ್ಯಾಗೂ ಒಮ್ಮೆ ಕದೀಲಿ ಸಾರ್," ಎಂದಳು ಕಾನ್‌ಸ್ಟೇಬಲ್ ಭವಾನಿ. ಅಳತೆ ಹಿಡಿಯಲು ಕೂತವಳ ನಗು ಅಲ್ಲಿಗೇ ನಿಂತಿತು. ಹೊಸ ಕಲ್ಲಿನ ಮೂಲೆಯಲ್ಲಿ ಉಗುರಿನಷ್ಟಗಲ ಕೆತ್ತಿದ ಒಂದು ಕಿವಿಯ ಚಿತ್ರ, ಅದಕ್ಕೆ ಎರಡು ಸೀಳು. ಫೋಟೊ ಹಿಗ್ಗಿಸಿ ನೋಡಿದರು. ಹಳೆಯ ಕಲ್ಲಿನ ಮೂಲೆಯಲ್ಲೂ ಅದೇ ಇತ್ತು.

ಭವಾನಿ ಹತ್ತಿರದ ಪೆದ್ದೆಮುಲ್ ಊರಿನ ಕುರಿಗಾರರ ಮಗಳು. "ಕುರಿ ಕಿವಿ ಗುರ್ತು ಸಾರ್. ಯಾರ ಕುರಿ ಅಂತ ತಿಳೀಲಿ ಅಂತ ಕಿವಿ ಸೀಳ್ತಾರ, ಮನಿಗೊಂದು ಗುರ್ತು ಇರ್ತದ. ಎಡಗಿವಿಗೆ ಎರಡು ಸೀಳಂದ್ರ ನಮ್ಮೂರ ಪೀರಪ್ಪ ಕಾಕಾನ ಮನೀದು. ಆತ ಕಲ್ಲು ಕೆತ್ತತಿದ್ದ."

ಮಧ್ಯಾಹ್ನ 3.10, ಪೆದ್ದೆಮುಲ್. ಪೀರಪ್ಪನಿಗೆ ಎಪ್ಪತ್ತಮೂರು ವರ್ಷ. ಹಟ್ಟಿಯಲ್ಲಿ ಕುರಿಗಳ ನೀರಿನ ಬಾನಿಯ ಕೆಳಗೆ ಕಲ್ಲು ಬೋರಲಾಗಿತ್ತು. ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದ.

"ಹೊಸ ಕಲ್ಲಿಗೆ ಗುರ್ತು ಯಾಕ ಹಾಕ್ದಿ ಅಜ್ಜಾ?" ಜೈಪಾಲ ಕೇಳಿದರು.

"ಹಾಕೀನೇನ್ರಿ?" ಮುದುಕ ತನ್ನ ಕೈ ನೋಡಿಕೊಂಡ. "ರೂಢಿ ಸಾಹೇಬ್ರ. ಕೈ ತಾನೇ ಹಾಕ್ಯಾದ."

"ಕದ್ದದ್ದು ಯಾಕ?"

ಪೀರಪ್ಪ ಭವಾನಿಯ ಕಡೆ ನೋಡಲಿಲ್ಲ. "ಆ ಅಕ್ಷರ ಕೆತ್ತಿದಾಂವ ನಾನೇ. ಅಪ್ಪ ಪಿಚ್ಚರ್ ನೋಡಾಕ ಬಂದ, ಹೆಗಲ ಮ್ಯಾಲ ಕಂಬಳಿ. ಓದಾಕ ಬರ್ತಿದ್ದಿಲ್ಲ. ಏನ್ ಬರ್ದೀಯೋ ಅಂದ. ಟಾಕೀಸಿನ ಹೆಸರು ಅಂದೆ. ನನ್ನ ಮಗ ಕೆತ್ತ್ಯಾನಂತ ಕೈಯಾಡಿಸಿ ಮಂದಿಗೆಲ್ಲಾ ತೋರ್ಸಿದ. ಗೇಟಿನಾಂವ ಅದೇ ಕಲ್ಲು ತೋರ್ಸಿ ಅಪ್ಪನ್ನ ಹೊರಗ ದಬ್ಬಿದ. ನಾ ಅಲ್ಲೇ ನಿಂತಿದ್ದೆ. ತುಟಿ ಬಿಚ್ಚಲಿಲ್ಲ."

ಬಾನಿಯ ಕಡೆ ಕೈ ತೋರಿಸಿ ಅಂದ: "ಭಾನುವಾರ ಕಾಲೇಜಿನ್ಯಾಗ ಇಡ್ತಾರಂತ ಕೇಳ್ದೆ, ಎಲ್ಲಾರೂ ಓದ್ತಾರ. ನಮ್ಮ ಗುರ್ತು ಸಮೇತ."

"ಅಳಿಸಬೌದಿತ್ತಲ್ಲ?"

"ಎರಡು ದಿನ ತಿಕ್ಕಿದೆ, ಹೋಗಲಿಲ್ಲ. ಹರೇದ ಸೊಕ್ಕು, ಮಾಲಕ ಶಭಾಷ್ ಅನ್ನಲಿ ಅಂತ ಆಳಕ್ಕ ಕೊರ್ದಿದ್ದೆ. ಒಡೆಯಾಕ ಮನಸ್ಸಾಗಲಿಲ್ಲರಿ."

4.35ಕ್ಕೆ ಬಂಧನ. ಜಪ್ತಿ ಪಂಚನಾಮೆಯನ್ನು ಭವಾನಿ ಬರೆದಳು. ಉದ್ದ 45 ಸೆಂಟಿಮೀಟರ್, ಅಗಲ 30, ದಪ್ಪ 4. ತಿಕ್ಕಿದ ನಂತರ ಉಳಿದ ಅಕ್ಷರಗಳ ಆಳ, ಒಂಬತ್ತು ಮಿಲಿಮೀಟರ್.