ಒತ್ತಿದರೆ ಬೆಳಗುವ ಪುಡಿ

ಹೊಸ ಪುಡಿಯ ಪ್ರದರ್ಶನದ ಆಹ್ವಾನ ಪತ್ರಿಕೆಯಲ್ಲಿ ಅತ್ತಿಗೆಯ ಹೆಸರು ದಪ್ಪಕ್ಷರದಲ್ಲಿತ್ತು. ಮೈದುನನ ಹೆಸರು ಎಲ್ಲೂ ಇರಲಿಲ್ಲ, ನೆರವಾದವರ ಸಾಲಿನಲ್ಲೂ.

ಪ್ರಯೋಗಾಲಯಕ್ಕೆ ಅತ್ತಿಗೆ ಮುಖ್ಯಸ್ಥೆ, ನಿಜ. ಆದರೆ ಆ ಪುಡಿಯನ್ನು ಕುಲುಮೆಯಲ್ಲಿ ಸುಟ್ಟು, ಕೆಡಿಸಿ, ಮತ್ತೆ ಸುಟ್ಟು ಹದಕ್ಕೆ ತಂದವನು ಅವನು. ಕಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು. ಒತ್ತಿದರೆ ಹಸಿರಾಗಿ ಬೆಳಗುತ್ತಿದ್ದವು, ಚೂರುಪಾರು ವಿದ್ಯುತ್ತನ್ನೂ ಕೊಡುತ್ತಿದ್ದವು. ಮುಂದೊಂದು ದಿನ ಬೂಟಿನ ಅಟ್ಟೆಯಲ್ಲಿ ಕೂತು, ನಡೆದವರ ಫೋನು ಚಾರ್ಜ್ ಮಾಡಬೇಕಾದ ಪುಡಿ. ಹೆತ್ತವನು ಮೂಲೆಯಲ್ಲಿ, ಎತ್ತಿ ಆಡಿಸುವವರು ವೇದಿಕೆಯಲ್ಲಿ!

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಸಲಿ ಪುಡಿ ತೆಗೆದು ಸೀಮೆಸುಣ್ಣದ ಪುಡಿ ಇಡುವುದು. ತುಂಬಿದ ಸಭೆಯಲ್ಲಿ ಅತ್ತಿಗೆ ಒತ್ತುತ್ತಾರೆ, ಕತ್ತಲು ಕತ್ತಲಾಗಿಯೇ ಇರುತ್ತದೆ. ಆಗ ತಾನು ಸಂಕೋಚದಿಂದ ಎದ್ದು, "ನಾನು ಮಾಡಿಟ್ಟಿದ್ದು ಸ್ವಲ್ಪ ಇದೆ" ಎನ್ನುವುದು. ಪುಡಿ ಯಾರ ಕೈಯಲ್ಲಿ ಬೆಳಗುತ್ತದೆಂದು ಲೋಕವೇ ನೋಡಲಿ.

ಪ್ರದರ್ಶನದ ದಿನ ಊಟಕ್ಕೆ ಹೋಗುವಾಗ ಅತ್ತಿಗೆ ಪುಡಿಯ ಕಪಾಟಿನ ಕೀಲಿಯಿದ್ದ ಕೋಟನ್ನು ಕುರ್ಚಿಗೆ ನೇತುಹಾಕಿದರು. ಅವನು ಕೈಗವಸು ತೊಟ್ಟು ಪುಡಿಯನ್ನು ಪುಟ್ಟ ಸೀಸೆಗೆ ಸುರಿದುಕೊಂಡ, ಅದರ ಜಾಗದಲ್ಲಿ ಸೀಮೆಸುಣ್ಣದ ಪುಡಿ ತುಂಬಿಟ್ಟ. ಕೈಗವಸು ಬಿಸಾಡಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆದ. ಕತ್ತಲೆ ಕೋಣೆಗೆ ಹೋಗಿ ಅಂಗೈಗೆ ಅಂಗೈ ತಿಕ್ಕಿಯೂ ನೋಡಿದ. ಒಂದು ಕಿಡಿಯೂ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ದಡ್ಡ ತಾನಲ್ಲ ಎಂದು ಬೆನ್ನು ತಟ್ಟಿಕೊಂಡ. ಆಮೇಲೆ ಸೀಸೆಯನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟ.

ಸಭಾಂಗಣದ ಬಾಗಿಲಲ್ಲಿ ಅತ್ತಿಗೆ ಸಿಕ್ಕರು.

"ಏನಪ್ಪಾ, ಪುಡಿ ಒಂದ್ಸಲ ನೋಡ್ಕೊಂಡ್ಯಾ?"

"ಇಲ್ಲ ಅತ್ತಿಗೆ, ಇವತ್ತು ಆ ಕಪಾಟಿನ ಹತ್ರಾನೂ ಹೋಗಿಲ್ಲ. ಪುಡಿ ಮುಟ್ಟೇ ಇಲ್ಲ."

ಮುಂದಿನ ಸಾಲಿನಲ್ಲೇ ಕೂತ. ದೀಪಗಳು ಆರಿದವು. ಎರಡು ಗಾಜಿನ ಹಲಗೆಗಳ ನಡುವೆ ಪುಡಿ ಹರವಿ ಅತ್ತಿಗೆ ಒತ್ತಿದರು. ಏನೂ ಇಲ್ಲ. ಮತ್ತೆ ಒತ್ತಿದರು. ಯಾರೋ ಕೆಮ್ಮಿದರು. ಅವನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಷ್ಟು ತಂಪು. ಜೇಬಿನೊಳಗೆ ಸೀಸೆಯನ್ನು ಮಗುವಿನ ಕೆನ್ನೆಯಂತೆ ಸವರುತ್ತ, ಏಳಲು ಹದವಾದ ಗಳಿಗೆಗೆ ಕಾದ.

"ಇವತ್ತು ಪುಡಿ ಮುನಿಸಿಕೊಂಡಿದೆ" ಎಂದು ಕತ್ತಲಲ್ಲೇ ಅತ್ತಿಗೆ ನಕ್ಕರು. "ಮುನಿಸಿಕೊಳ್ಳದೆ ಏನು ಮಾಡುತ್ತೆ? ಹೆತ್ತವರನ್ನ ಬಿಟ್ಟು ನನ್ನ ಕೈಗೆ ಬಂದಿದೆ. ಇದನ್ನ ಕಂಡುಹಿಡಿದಿದ್ದು ನಾನಲ್ಲ, ನನ್ನ ಮೈದುನ. ಕೊನೇಲಿ ಹೇಳಿ ಬೆಚ್ಚಿಬೀಳಿಸೋಣ ಅಂತಲೇ ಅವನ ಹೆಸರು ಎಲ್ಲೂ ಹಾಕಿಸಿರಲಿಲ್ಲ. ಅವನಿಗೊಂದು ಜೋರು ಚಪ್ಪಾಳೆ ಬರಲಿ!"

ಸಭೆ ಚಪ್ಪಾಳೆ ತಟ್ಟಿತು. ಅವನ ಕಣ್ಣು ತುಂಬಿತು. ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಅವನೂ ತಟ್ಟಿದ. ತಟ್ಟಿದಷ್ಟೂ ಅಂಗೈಗಳ ನಡುವೆ ಪಚ್ಚೆ ಹಸಿರು ಫಳ್ ಫಳ್ ಎಂದಿತು. ಸುತ್ತಲಿನ ಚಪ್ಪಾಳೆ ಒಂದೊಂದಾಗಿ ನಿಂತಿತು. "ಪುಡಿ ಮುಟ್ಟೇ ಇಲ್ಲ ಅಂದ್ಯಲ್ಲೋ..." ಅತ್ತಿಗೆಯ ದನಿ ಮೆಲ್ಲಗೆ ಕೇಳಿಸಿತು. ಕೈಯನ್ನು ಅಷ್ಟು ತಿಕ್ಕಿ ತೊಳೆದವನು, ಪುಡಿ ಸುರಿಯುವಾಗ ಹೊರಮೈಗೆಲ್ಲ ಚೆಲ್ಲಿಕೊಂಡಿದ್ದ ಸೀಸೆಯನ್ನು ಮಾತ್ರ ಒರೆಸಿರಲಿಲ್ಲ.